ಮೂರನೆಯವಳಿಗೂ ಬರುತ್ತಿದ್ದ ಭಾಷೆ

ಸಮಿತ್‌ನ ಮನೆಯವರು ತಂಗಿ ನಿಕಿತಾಳನ್ನು ಮದುವೆಗೆ ಕೇಳಿದ್ದಾರೆಂದು ಅಮ್ಮ ವಿನೋದಾ ಹೇಳಿದಾಗ ಸೌಜನ್ಯ ಬೀನ್ಸ್ ಹೆಚ್ಚುತ್ತಿದ್ದಳು. ಕೈ ನಿಲ್ಲಲಿಲ್ಲ. "ಒಳ್ಳೆಯದೇ ಆಯ್ತಲ್ಲ" ಅಂದಳು. ದೊಡ್ಡ ಮಗಳು ಹಳೆಯದನ್ನೆಲ್ಲ ಮರೆತಿದ್ದಾಳೆ ಎಂದು ಅಮ್ಮನಿಗೆ ನೆಮ್ಮದಿಯಾಯಿತು.

ಮರೆಯುವುದೆಂತ! 2009ರಲ್ಲಿ ಅವಳು ಮುಂಬೈಯ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಎಂ.ಎ. ಓದುತ್ತಿದ್ದಳು. ಕೋಪರಖೈರಣೆಯಲ್ಲಿ ಉಡುಪಿ ಹೋಟೆಲು ನಡೆಸುವ ತಾರಾನಾಥರ ಮಗಳಿಗೆ ಈ ಭಾಷೆಯ ಹುಚ್ಚು ಎಲ್ಲಿಂದ ಹಿಡಿಯಿತೋ ಯಾರಿಗೂ ತಿಳಿಯದು. ಲೋಕಲ್ ರೈಲಿನ ಗದ್ದಲದಲ್ಲಿ ನಿಂತುಕೊಂಡೇ ಕ್ರಿಯಾಪದಗಳನ್ನು ಬಾಯಿಪಾಠ ಮಾಡುವಳು. ಅವರದೇ ಬಿಲ್ಡಿಂಗಿನ ಸಮಿತ್ ಅವಳ ಸಹಪಾಠಿ. ಸ್ಪೇನಿನಲ್ಲಿ ಒಂದು ವರ್ಷ ಓದಲು ಇಡೀ ತರಗತಿಗೆ ಸಿಗುವುದು ಒಂದೇ ಸ್ಕಾಲರ್‌ಶಿಪ್. ಅದು ಸೌಜನ್ಯಳಿಗೆ ಬಂತು. ಅವಳು ಹೋಗದಿದ್ದರೆ ಎರಡನೆಯವನು ಸಮಿತ್.

ಒಂದು ಮಧ್ಯಾಹ್ನ ಸಮಿತ್ ಹೋಟೆಲಿಗೆ ಬಂದು ಗಲ್ಲಾದ ಪಕ್ಕ ನಿಂತ. "ಅಂಕಲ್, ಹೇಳಲಿಕ್ಕೆ ಬಾಯಿ ಬರುವುದಿಲ್ಲ. ಸೌಜನ್ಯ ಆ ಸ್ಪೇನಿನ ಮಾಸ್ಟ್ರ ಜೊತೆ ತಿರುಗ್ತಾಳೆ. ಅವಳು ಹೋಗುವುದು ಓದಲಿಕ್ಕಲ್ಲ."

ತಾರಾನಾಥರು ಮಗಳನ್ನು ಒಂದು ಮಾತು ಕೇಳಲಿಲ್ಲ. ಪಾಸ್‌ಪೋರ್ಟ್ ಕಪಾಟು ಸೇರಿ ಬೀಗ ಬಿತ್ತು. ಅವಳು ಅತ್ತು, ಆಣೆ ಮಾಡಿ, ಊಟ ಬಿಟ್ಟರೂ ಅವರು ಟಿವಿಯ ಸದ್ದು ಹೆಚ್ಚು ಮಾಡಿ ಕೂತರು. ಸಮಿತ್ ವಿಮಾನ ಹತ್ತಿದಾಗ, ಅಪ್ಪನ ಕಿವಿ ಊದಿದವನು ಯಾರೆಂದು ಅವಳಿಗೆ ತಿಳಿಯಿತು. ಎರಡನೆಯ ವರ್ಷವಿಡೀ ಅಮ್ಮ ಅವಳ ಜೊತೆ ರೈಲಿನಲ್ಲಿ ಬಂದು, ತರಗತಿಯ ಹೊರಗಿನ ಬೆಂಚಿನಲ್ಲಿ ಕೂತು, ಮತ್ತೆ ಕರೆದುಕೊಂಡು ಹೋಗುತ್ತಿದ್ದರು. ಜವಾನರು ನಗುತ್ತಿದ್ದರು. ಒಳಗೆ ಸೌಜನ್ಯ ಸ್ಪೇನಿನ ಹಳೆಯ ನಾಟಕಗಳನ್ನು ಓದುತ್ತಿದ್ದಳು. ಒಂದು ಗಾಳಿಮಾತು ಕಿವಿಗೆ ಬಿದ್ದರೆ ಸಾಕು, ಮನೆತನದ ಮಾನ ಹೋಯಿತೆಂದು ಅಪ್ಪ ಅಣ್ಣಂದಿರು ಕತ್ತಿ ಹಿರಿಯುವ ನಾಟಕಗಳು. ಸಹಪಾಠಿಗಳಿಗೆ ಅವು ಅತಿರೇಕ ಅನ್ನಿಸುತ್ತಿದ್ದವು. ಅವಳು ಪ್ರಬಂಧವನ್ನೇ ಅವುಗಳ ಮೇಲೆ ಬರೆದಳು.

ಮುಂದೆ ಮಹಾಪೆಯ ಕಂಪನಿಯೊಂದರಲ್ಲಿ ಮೆಕ್ಸಿಕೋದ ಗಿರಾಕಿಗಳ ಜೊತೆ ಮಾತಾಡುವ ಕೆಲಸ ಸಿಕ್ಕಿತು. ಮದುವೆ ಬೇಡವೆಂದು ಖಂಡಿತವಾಗಿ ಹೇಳಿದಳು. ಮನೆಯಲ್ಲೂ ಈ ಭಾಷೆ ಮಾತಾಡಲು ಒಬ್ಬರಿರಲೆಂದು ತಂಗಿ ನಿಕಿತಾಳಿಗೆ ಕಲಿಸತೊಡಗಿದಳು. ಅಮ್ಮನಿಗೆ ತಿಳಿಯಬಾರದ್ದನ್ನೆಲ್ಲ ಅಕ್ಕತಂಗಿಯರು ಮಲಗುವ ಕೋಣೆಯಲ್ಲಿ ಸ್ಪ್ಯಾನಿಷಿನಲ್ಲೇ ಪಿಸುಗುಟ್ಟುತ್ತಿದ್ದರು. ಇದು ಸಮಿತ್‌ಗೆ ಗೊತ್ತಿರಲಿಲ್ಲ. ಅವನು ಹೋಗುವಾಗ ನಿಕಿತಾ ಶಾಲೆಯ ಹುಡುಗಿ; ಅಕ್ಕನ ಪಾಸ್‌ಪೋರ್ಟ್ ಯಾರ ಮಾತಿನಿಂದ ಕಪಾಟು ಸೇರಿತೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಈಗ 2016. ಸಮಿತ್ ಮ್ಯಾಡ್ರಿಡ್‌ನಿಂದ ದೊಡ್ಡ ಹುದ್ದೆ ಹಿಡಿದು ಬಂದಿದ್ದ. ನಿಕಿತಾ ಅವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು, ಅವನ ಕಾರಿನಲ್ಲಿ ಪಾಮ್ ಬೀಚ್ ರಸ್ತೆಗೂ ಹೋಗಿ ಬಂದಿದ್ದಳು. ಅವಳ ಮುಖದಲ್ಲಿ ಹೊಸ ಕಳೆ ಬಂದಿತ್ತು. ಸೌಜನ್ಯ ಅದನ್ನು ನೋಡಿದಳು. ನೋಡಿಯೂ ಹೇಳಿದಳು, "ನಿನಗೆ ಸ್ಪ್ಯಾನಿಷ್ ಬರ್ತದೆ ಅಂತ ಅವನಿಗೆ ಈಗಲೇ ಹೇಳಬೇಡ. ಅವರು ಮನೆಗೆ ಬರುವ ದಿನ ಸರ್‌ಪ್ರೈಸ್ ಕೊಡುವ."

ನಿಕಿತಾ ಖುಷಿಯಿಂದ ಒಪ್ಪಿದಳು.

ಭಾನುವಾರ ಸಮಿತ್ ತಾಯಿ ರತ್ನಾವತಿಯ ಜೊತೆ ಬಂದ. ತಾರಾನಾಥರು ಅವನ ಬೆನ್ನು ತಟ್ಟಿ ಪಕ್ಕದಲ್ಲೇ ಕೂರಿಸಿಕೊಂಡರು. ತನ್ನ ಮನೆಯ ಮಾನ ಉಳಿಸಿದ ಹುಡುಗನೆಂದು ಅವರಿಗೆ ಇಂದಿಗೂ ಅವನ ಮೇಲೆ ಅಭಿಮಾನ. ನಿಕಿತಾ ಗೋಳಿಬಜೆಯ ತಟ್ಟೆ ತಂದಿಟ್ಟು ಅಲ್ಲೇ ಕೂತಳು.

"ನೀವಿಬ್ಬರೂ ಒಂದೇ ಕ್ಲಾಸಲ್ವಾ? ಸ್ವಲ್ಪ ಮಾತಾಡಿ ಮಾರಾಯ್ರೆ, ನಾವೂ ಕೇಳುವ!" ಅಂದರು ರತ್ನಾವತಿ.

ಸೌಜನ್ಯ ನಗುತ್ತಲೇ ಸ್ಪ್ಯಾನಿಷಿನಲ್ಲಿ ಶುರುಮಾಡಿದಳು. ಮೊದಲು ಮ್ಯಾಡ್ರಿಡ್‌ನ ಚಳಿ, ಅಲ್ಲಿಯ ಊಟ. ಹಿರಿಯರು ಬಾಯಿ ಕಳೆದು ಕೇಳಿದರು. ಆಮೇಲೆ ಅದೇ ದನಿಯಲ್ಲಿ, ಅದೇ ನಗುವಿನಲ್ಲಿ ಕೇಳಿದಳು, "ಸಮಿತ್, ಇನ್ನು ಸಂಬಂಧಿಕರಾಗುವವರು. ಆದದ್ದು ಆಗಿಹೋಯ್ತು, ನನಗೆ ಸಿಟ್ಟಿಲ್ಲ. ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ, ನಿಜ ಹೇಳು. ಅಪ್ಪನಿಗೆ ಹೇಳಿದ್ದನ್ನು ನೀನೇ ಹುಟ್ಟಿಸಿದ್ದಲ್ಲವಾ?"

ಸಮಿತ್ ಒಂದು ಕ್ಷಣ ಅವಳನ್ನು ಅಳೆದ. ಹಿರಿಯರ ಕಡೆ ನೋಡಿದ. ನಿಕಿತಾಳ ಕಡೆ ನೋಡಿ ಮುಗುಳ್ನಕ್ಕ. ಅವನ ಸ್ಪ್ಯಾನಿಷ್ ಸೊಗಸಾಗಿತ್ತು.

"ಹೌದು, ನಾನೇ ಹುಟ್ಟಿಸಿದ್ದು. ಎರಡನೆಯವನಾಗಿ ಉಳಿಯಲು ನನಗೆ ಇಷ್ಟವಿರಲಿಲ್ಲ. ನಿನ್ನಪ್ಪ ಅಷ್ಟು ಸುಲಭವಾಗಿ ನಂಬುತ್ತಾರೆಂದು ನಾನೂ ಎಣಿಸಿರಲಿಲ್ಲ. ನೀನೂ ಚೆನ್ನಾಗಿಯೇ ಇದ್ದೀಯಲ್ಲ?"

"ಎಂಥ ಚಂದ ಮಾತಾಡ್ತಾನೆ!" ಅಂದರು ತಾರಾನಾಥರು.

ನಿಕಿತಾಳ ಮುಖ ಬಿಳುಚಿತ್ತು. ಸೌಜನ್ಯ ತಂಗಿಯ ಕಡೆ ತಿರುಗಿದಳು. "ಏನು ಹೇಳಿದ, ಅಪ್ಪನಿಗೆ ಹೇಳು ನಿಕಿತಾ."

"ಅವಳಿಗೆ ಹೇಗೆ..." ಸಮಿತ್‌ನ ಮಾತು ಅಲ್ಲೇ ನಿಂತಿತು.

ನಿಕಿತಾ ಅವನನ್ನೇ ನೋಡುತ್ತಾ ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. ಅಪ್ಪ ಸುಲಭವಾಗಿ ನಂಬಿದ್ದನ್ನೂ ಬಿಡಲಿಲ್ಲ. ಸಮಿತ್ ತಮಾಷೆ ಅಂದ, ಆಗ ಸಣ್ಣ ಪ್ರಾಯ ಅಂದ, ಕೊನೆಗೆ ಸ್ಪ್ಯಾನಿಷಿನಲ್ಲೇ ಸೌಜನ್ಯಳಿಗೆ ಒಂದು ಕೆಟ್ಟ ಬೈಗುಳ ಬೈದ. ನಿಕಿತಾ ಅದನ್ನೂ ಅನುವಾದ ಮಾಡಿದಳು. ರತ್ನಾವತಿ ಮಗನ ಕೈ ಹಿಡಿದು ಎಳೆದುಕೊಂಡೇ ಹೋದರು. ಅವನ ಬೆಪ್ಪಾದ ಮುಖವನ್ನು ಸೌಜನ್ಯ ಬಾಗಿಲು ಮುಚ್ಚುವವರೆಗೂ ಕಣ್ತುಂಬ ನೋಡಿದಳು.

ಅಷ್ಟಕ್ಕೇ ಅವಳು ಬಿಡಲಿಲ್ಲ. ವಾಶಿಯ ಚಿಕ್ಕಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಚಿಕ್ಕಮ್ಮನಿಗೆ ಹೇಳಿದರೆ ಥಾಣೆ, ಡೊಂಬಿವಲಿಯ ನೆಂಟರಿಗೆಲ್ಲ ಬೇರೆ ಹೇಳಬೇಕಾಗಿರಲಿಲ್ಲ. ಸಮಿತ್‌ಗೆ ಆಮೇಲೆ ನೋಡಿದ ಇನ್ನೊಂದು ಸಂಬಂಧವೂ ಮುರಿಯಿತು.

ಆ ಭಾನುವಾರದ ಮರುದಿನ ತಾರಾನಾಥರು ಹೋಟೆಲಿಗೆ ಹೋಗಲಿಲ್ಲ. ಸೌಜನ್ಯಳ ಎದುರು ಕೂತು, "ನನಗೆ ಆಗಲೇ ಹೇಳಬಹುದಿತ್ತಲ್ಲ, ಮಗಾ" ಅಂದರು.

"ಹೇಳಿದೆ ಅಪ್ಪ. ನೀವು ಟಿವಿ ಜೋರು ಮಾಡಿದಿರಿ."

ಅವರ ಕಣ್ಣಲ್ಲಿ ನೀರು ಬಂತು. ಅವಳು ಒರೆಸಲು ಹೋಗಲಿಲ್ಲ. ಚಪ್ಪಲಿ ಹಾಕಿ ಕೆಲಸಕ್ಕೆ ಹೊರಟಳು.

ನಿಕಿತಾ ಆ ವಾರವೇ ಖಾರಘರದ ಗೆಳತಿಯ ಫ್ಲ್ಯಾಟಿಗೆ ಹೋದಳು. ಚೀಲ ತುಂಬುತ್ತಾ, "ನನಗೆ ಮೊದಲೇ ಹೇಳಬಹುದಿತ್ತು ಅಕ್ಕಾ" ಅಂದಳು. "ನಾನು ಅವನನ್ನು ಅಂದೇ ಬಿಡುತ್ತಿದ್ದೆ. ಅಷ್ಟು ಜನರ ಎದುರು ಅದನ್ನು ನನ್ನ ಬಾಯಿಂದಲೇ ಆಡಿಸಬೇಕಿತ್ತಾ?"

ಸೌಜನ್ಯ ಚೀಲದ ಜಿಪ್ ಎಳೆದುಕೊಟ್ಟಳು. ತಂಗಿ ಹೋದ ಮೇಲೆ ಕೋಣೆಯಲ್ಲಿ ಒಬ್ಬಳೇ ಕೂತಳು. ಸ್ಪ್ಯಾನಿಷಿನಲ್ಲಿ ಪಿಸುಗುಟ್ಟಲು ಈಗ ಯಾರೂ ಇರಲಿಲ್ಲ. ಆದರೂ ಅದೇ ಭಾನುವಾರ ಇನ್ನೊಮ್ಮೆ ಬಂದರೆ ಹಾಗೆಯೇ ಮಾಡುತ್ತಿದ್ದೆನೆಂದು ಅವಳಿಗೆ ಗೊತ್ತಿತ್ತು.

ತಿಂಗಳ ಕೊನೆಗೆ ಕೆಲಸದಿಂದ ಬರುವಾಗ ಲಿಫ್ಟಿನ ಎದುರು ರತ್ನಾವತಿ ತರಕಾರಿಯ ಚೀಲ ಹಿಡಿದು ನಿಂತಿದ್ದರು. ಸೌಜನ್ಯ ಒಳಗೆ ಹೋಗಿ ಬಾಗಿಲು ಹಿಡಿದಳು.

"ಬನ್ನಿ ಆಂಟಿ, ಮೇಲೆ ಹೋಗುವ."

ರತ್ನಾವತಿ ಮೆಟ್ಟಿಲಿನ ಕಡೆ ನಡೆದರು. ಸೌಜನ್ಯ ಬಟನ್ ಒತ್ತಿದಳು.