ಬೂದಿ ಬಿದ್ದ ಭಾನುವಾರ

ಜಪಾನಿನ ಕಾಗೋಶಿಮಾ ಊರಿನವರಿಗೆ ಬೆಟ್ಟದ ಭಯವಿಲ್ಲ, ಒಗೆದ ಬಟ್ಟೆಯ ಭಯ. ಕೊಲ್ಲಿಯ ಆಚೆ ದಡದಲ್ಲಿ ಸಾಕುರಾಜಿಮಾ ಎಂಬ ಜ್ವಾಲಾಮುಖಿ ಬೆಟ್ಟ ಹೊಗೆ ಬಿಡುತ್ತಾ ಕೂತಿರುತ್ತದೆ. ಈಚೆ ದಡದ ಹೆಂಗಸರು ಅದರ ಕಡೆಗೊಮ್ಮೆ ಕಣ್ಣು ಹಾಯಿಸಿ, ಗಾಳಿ ಇವತ್ತು ಯಾವ ಕಡೆಗೆ ಎಂದು ಟಿವಿಯಲ್ಲಿ ಕೇಳಿಸಿಕೊಂಡು, ಬಟ್ಟೆ ಹೊರಗೆ ಹರವುವುದೋ ಒಳಗೋ ಎಂದು ತೀರ್ಮಾನ ಮಾಡುತ್ತಾರೆ. ಚಳಿಗಾಲದ ಬೂದಿ ಆಚೆ ದಡದವರ ಪಾಲು, ಬೇಸಿಗೆಯದು ನಮ್ಮ ಪಾಲು. ಇದನ್ನು ಇಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಮಳೆ ಬಂದರೆ ಕೊಡೆ ಬಿಚ್ಚು ಎಂದು ಯಾರಾದರೂ ಪಾಠ ಮಾಡುತ್ತಾರೆಯೇ? ಹಾಗೆಯೇ ಮುರ್ನಿಗೂ ಯಾರೂ ಹೇಳಲಿಲ್ಲ. ಎಡವಟ್ಟಾಗಿದ್ದು ಅಲ್ಲೇ.

ಮುರ್ನಿ ಜಾವಾ ದ್ವೀಪದ ಹುಡುಗಿ. ಎಲೆ ಉದುರುವ ಕಾಲದಲ್ಲಿ ಈ ಊರಿಗೆ ಬಂದು, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆಶ್ರಮದಲ್ಲಿ ಕೆಲಸಕ್ಕೆ ಸೇರಿದಳು. ಮುದುಕರನ್ನು ಎತ್ತುವುದು, ಕೂರಿಸುವುದು, ಸ್ನಾನ ಮಾಡಿಸುವುದು ಅವಳ ಕೆಲಸ. ಕೆಲಸವೇನೋ ಸಿಕ್ಕಿತು, ಮನೆ ಸಿಗಲಿಲ್ಲ. ದಲ್ಲಾಳಿಗಳು ಅವಳ ತಲೆವಸ್ತ್ರ ನೋಡುತ್ತಿದ್ದರು, ಸೊಂಟ ಬಗ್ಗಿಸಿ ನಮಸ್ಕರಿಸುತ್ತಿದ್ದರು, "ಆ ಕೋಣೆ ನಿನ್ನೆ ತಾನೆ ಹೋಯ್ತು" ಎನ್ನುತ್ತಿದ್ದರು. ಈ ಊರಿನವರ ವಿನಯದ ಬಗ್ಗೆ ನನ್ನನ್ನು ಕೇಳಬೇಡಿ. ಬಾಗಿಲು ಹಾಕುವಾಗಲೂ ಬಗ್ಗಿಯೇ ಹಾಕುತ್ತಾರೆ.

ಕೊನೆಗೆ ಕೋಣೆ ಕೊಟ್ಟವಳು ಇಜಿಚಿ ತೋಕಿಯೆ ಎಂಬ ಮುದುಕಿ. ಮನೆಯ ಮುಂಭಾಗದಲ್ಲಿ ಅವಳ ಕ್ಷೌರದಂಗಡಿ. ಮೊಣಕಾಲು ಹಿಡಿದುಕೊಂಡು ಓಡಾಡುವುದೇ ಕಷ್ಟವಾಗಿದ್ದರೂ ಕತ್ತಿ ಹಿಡಿದ ಕೈ ಮಾತ್ರ ಇನ್ನೂ ನಡುಗಿರಲಿಲ್ಲ. ಗಂಡ ಕಾಲವಾಗಿದ್ದ, ಮಕ್ಕಳಿರಲಿಲ್ಲ. ಓಣಿಯ ಗಡ್ಡಗಳೇ ಅವಳ ಸಂಸಾರ.

"ಹಿಂದಿನ ಕೋಣೆ. ಅಲ್ಲಿಂದ ಬೆಟ್ಟ ಕಾಣಿಸಲ್ಲ, ಅದಕ್ಕೇ ಬಾಡಿಗೆ ಕಮ್ಮಿ," ಎಂದಿದ್ದಳು ತೋಕಿಯೆ.

"ಬೆಟ್ಟ ಕಾಣಿಸದಿದ್ರೆ ಇನ್ನೂ ಒಳ್ಳೇದು ಅಜ್ಜಿ."

ತೋಕಿಯೆ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬೆಟ್ಟ ಬೇಡ ಎಂದ ಬಾಡಿಗೆದಾರರನ್ನು ಅವಳು ಕಂಡಿರಲಿಲ್ಲ. "ಬೇಸಿಗೆವರೆಗೂ ಇರಿ, ಆಮೇಲೆ ನೋಡೋಣ. ಒಂದೇ ಮಾತು ಮುರ್ನಿ ಅವರೇ, ಗಲಾಟೆ ಮಾತ್ರ ಆಗಬಾರದು. ಓಣಿಯಲ್ಲಿ ನನ್ನ ಮನೆ ಹೆಸರು ಯಾರ ಬಾಯಿಗೂ ಬರಬಾರದು."

ಹುಟ್ಟಿದಾಗಿನಿಂದ ಮುರ್ನಿ ಒಬ್ಬಳೇ ಮಲಗಿದವಳಲ್ಲ. ಊರಲ್ಲಿ ಅವ್ವ, ತಂಗಿಯರ ಜೊತೆ ಒಂದೇ ಚಾಪೆ. ಜಪಾನಿಗೆ ಬಂದ ಮೇಲೆ ಮೀನಿನ ಕಾರ್ಖಾನೆಯ ವಸತಿಯಲ್ಲಿ ಮೇಲೊಂದು ಕೆಳಗೊಂದು ಮಂಚ, ಪಕ್ಕದವಳ ಗೊರಕೆ. ಈಗ ಒಂದು ಕೋಣೆ, ಒಂದು ಕಿಟಕಿ, ಒಂದು ಬೀಗದ ಕೈ, ಎಲ್ಲ ಅವಳದೇ. ಮೊದಲ ದಿನ ಬಾಗಿಲಿಗೆ ಬೀಗ ಹಾಕಿ, ತೆಗೆದು, ಮತ್ತೆ ಹಾಕಿ, ಸುಮ್ಮನೆ ನಕ್ಕಳು. ಈ ಕೋಣೆಯನ್ನು ಏನೇ ಆದರೂ ಕಳೆದುಕೊಳ್ಳಬಾರದು ಎಂದು ಅವತ್ತೇ ಗಟ್ಟಿ ಮನಸ್ಸು ಮಾಡಿದಳು.

ಅಲ್ಲಿಂದ ಶುರುವಾಯಿತು ನೋಡಿ ಅವಳ ಮೌನವ್ರತ. ಪಾತ್ರೆಯ ಮುಚ್ಚಳವನ್ನು ಮಗು ಮಲಗಿಸಿದ ಹಾಗೆ ಇಡುವಳು. ಸೀನು ಬಂದರೆ ದಿಂಬಿಗೆ ಸೀನುವಳು. ಹಾಡಿಕೊಂಡೇ ಕೆಲಸ ಮಾಡುತ್ತಿದ್ದವಳು ಹಾಡು ನಿಲ್ಲಿಸಿದಳು. ಕಸ ಬೇರೆ ಮಾಡುವುದನ್ನು, ಯಾವ ಕಸ ಯಾವ ದಿನ ಹಾಕಬೇಕೆಂಬುದನ್ನು ಪರೀಕ್ಷೆಗೆ ಓದಿದ ಹಾಗೆ ಕಲಿತಳು. ಆದರೂ ಒಂದು ಸಲ ದಿನ ತಪ್ಪಿ ಹಾಕಿದ ಕಸದ ಚೀಲ ಸಂಜೆಗೆ ಅವಳ ಬಾಗಿಲಲ್ಲೇ ಬಂದು ಕೂತಿತ್ತು. ತಂದಿಟ್ಟವನು ಸಾಮೆಶಿಮಾ, ಓಣಿ ಸಂಘದ ಅಧ್ಯಕ್ಷ. ಮೊದಲು ಕೊಲ್ಲಿ ದಾಟಿಸುವ ದೋಣಿಯಲ್ಲಿ ಟಿಕೆಟ್ ಹರಿಯುತ್ತಿದ್ದವನು, ಈಗ ಓಣಿಯವರ ತಲೆ ಹರಿಯುತ್ತಾನೆ ಎಂದು ತೋಕಿಯೆ ಹೇಳುತ್ತಿದ್ದಳು. "ಚೀಲಕ್ಕೆ ನಿಮ್ಮನೆ ನೆನಪಾಯ್ತಂತೆ, ವಾಪಸ್ ಬಂದಿದೆ," ಎಂದು ನಕ್ಕು ಹೋದ ಪುಣ್ಯಾತ್ಮ. ಮುರ್ನಿಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

ಹೀಗೆ ಚಳಿ ಹೋಯಿತು, ಚೆರ್ರಿ ಹೂವು ಬಂದು ಉದುರಿತು. ಮಳೆ ಹಿಡಿಯುವ ಮುನ್ನ ಗಾಳಿ ತನ್ನ ಪಾಡಿಗೆ ತಾನು ದಿಕ್ಕು ಬದಲಿಸಿತು. ಆ ಭಾನುವಾರ ಬೆಳಿಗ್ಗೆ ಮುರ್ನಿ ಬಟ್ಟೆ ಒಗೆದು ಹಿತ್ತಲಲ್ಲಿ ಹರವುತ್ತಿದ್ದಳು. ಮನೆ ಮುಂದಿನ ಅಂಗಡಿಯಲ್ಲಿ ತೋಕಿಯೆ ಸಾಮೆಶಿಮಾನ ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ನೊರೆ ಹಚ್ಚಿದ್ದಳು.

ಧಡ್ ಎಂದಿತು. ಕಿಟಕಿಯ ಗಾಜುಗಳೆಲ್ಲ ಗಡಗಡ ಅಲುಗಿದವು. ಸ್ವಲ್ಪ ಹೊತ್ತಿನಲ್ಲಿ ಬೆಳಕು ಕಂದಿತು. ಎಲೆಗಳ ಮೇಲೆ, ಹರವಿದ ಬಿಳಿ ಅಂಗಿಯ ಮೇಲೆ ಸರಸರ ಎಂದು ಏನೋ ಬೀಳತೊಡಗಿತು. ಮುರ್ನಿ ಅಂಗೈ ಚಾಚಿದಳು. ಬೂದಿ.

ಅವಳು ಹುಟ್ಟಿದ್ದು ಮೆರಾಪಿ ಎಂಬ ಜ್ವಾಲಾಮುಖಿ ಬೆಟ್ಟದ ಮಗ್ಗುಲಲ್ಲಿ. ಅಲ್ಲಿ ಬೂದಿ ಬಿತ್ತೆಂದರೆ ಯಾರೂ ಮಾತಾಡುವುದಿಲ್ಲ, ಓಡುತ್ತಾರೆ. ಅವಳಿನ್ನೂ ಚಿಕ್ಕವಳಿದ್ದಾಗ ಒಂದು ದಿನ ಬಿದ್ದಿತ್ತು. "ಹಸುವಿಗೆ ಹುಲ್ಲು ಹಾಕಿ ಬರ್ತೀನಿ, ನೀವು ನಡೀರಿ," ಎಂದಿದ್ದ ಅಪ್ಪ. ಅವ್ವನ ಕೈ ಹಿಡಿದು ಓಡುತ್ತಾ ಹಿಂತಿರುಗಿ ನೋಡಿದರೆ ದಾರಿಯೇ ಕಾಣಿಸಲಿಲ್ಲ. ಅಪ್ಪ ಬರಲೇ ಇಲ್ಲ. ಅಪ್ಪನನ್ನು ಎಳೆದುಕೊಂಡಾದರೂ ಬರಬೇಕಿತ್ತು ಎಂಬ ಸಂಕಟ ಮುರ್ನಿಯನ್ನು ಇವತ್ತಿಗೂ ಬಿಟ್ಟಿಲ್ಲ.

ಅವಳು ಯೋಚನೆ ಮಾಡಲಿಲ್ಲ. ಒದ್ದೆ ಟವೆಲೊಂದನ್ನು ಮೂಗಿಗೆ ಕಟ್ಟಿಕೊಂಡು ಅಂಗಡಿಗೆ ನುಗ್ಗಿದಳು.

"ಅಜ್ಜಿ, ಏಳಿ, ಬೆಟ್ಟ ಒಡೀತು."

"ಹೂಂ, ಕೇಳಿಸ್ತು," ಎಂದಳು ತೋಕಿಯೆ, ಕೆನ್ನೆಯಿಂದ ಕಣ್ಣು ತೆಗೆಯದೆ. "ಇವರದು ಮುಗಿಸಿಬಿಡ್ತೀನಿ ಇರಿ."

ಆ ಒಂದು ಮಾತು ಸಾಕಾಯಿತು. ಮುಗಿಸಿ ಬರುತ್ತೇನೆ ಎಂದವರು ಏನಾಗುತ್ತಾರೆಂದು ಮುರ್ನಿಗೆ ಗೊತ್ತಿತ್ತು. ದಿನಾ ಮುದುಕರನ್ನು ಎತ್ತಿ ಪಳಗಿದ ಕೈ. ಬಗ್ಗಿ, ತೋಕಿಯೆಯ ಎರಡೂ ಕೈಗಳನ್ನು ಹೆಗಲ ಮೇಲೆಳೆದುಕೊಂಡು, ಬೆನ್ನಿಗೇರಿಸಿ ಹೊರಗೆ ಓಡಿದಳು. ಮುದುಕಿ ಕತ್ತಿಯನ್ನು ದೂರ ಹಿಡಿದು, "ಏಯ್, ಏಯ್," ಎನ್ನುತ್ತಲೇ ಇದ್ದಳು. ಹಿಂದೆ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡ ಸಾಮೆಶಿಮಾ. "ತಾಯಿ, ನನ್ನ ಇನ್ನೊಂದು ಕೆನ್ನೆ," ಎಂದು ಅವನ ಗೋಳು.

ಏಳು ತಿಂಗಳಿಂದ ನುಂಗಿಟ್ಟುಕೊಂಡಿದ್ದ ದನಿಯೆಲ್ಲ ಅವತ್ತು ಹೊರಬಂತು. ಸಿಕ್ಕ ಸಿಕ್ಕ ಬಾಗಿಲು ಬಡಿದಳು. "ಹೊರಗೆ ಬನ್ನಿ, ಬೆಟ್ಟ ಒಡೀತು, ಶಾಲೆ ಕಡೆ ಓಡಿ." ಜಪಾನಿ ಮಾತು ಸಾಲದಾದಾಗ ಜಾವಾದ ಮಾತಿನಲ್ಲಿ ಕೂಗಿದಳು. ಓಣಿಗೆ ಓಣಿಯೇ ಹೊರಬಂತು, ಪೈಜಾಮದವರು, ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇದ್ದವರು, ಮಗುವಿಗೆ ತುತ್ತು ಹಿಡಿದುಕೊಂಡೇ ಬಂದವರು.

ಓಣಿಯ ತಿರುವಿನಲ್ಲಿ ಮುರ್ನಿ ನಿಂತಳು. ಎದುರಿಗೆ ತೋಫು ಅಂಗಡಿಯ ಹೆಂಗಸು ಕೊಡೆ ಬಿಚ್ಚಿಕೊಂಡು, ಕಂಕುಳಲ್ಲಿ ಬಟ್ಟೆ ಒತ್ತಿಕೊಂಡು ನಿಧಾನವಾಗಿ ಒಳಗೆ ಹೋಗುತ್ತಿದ್ದಳು. ಟ್ರಾಮು ಗಾಜು ಒರೆಸಿಕೊಳ್ಳುತ್ತಾ ತನ್ನ ಹೊತ್ತಿಗೆ ಬಂದು ನಿಂತಿತು. ಇಳಿದವರು ಬಾಯಿಗೆ ಕರವಸ್ತ್ರ ಹಿಡಿದು ಪೇಟೆಗೆ ಹೊರಟರು. ಯಾರೂ ಓಡುತ್ತಿರಲಿಲ್ಲ.

ಮೊದಲು ನಕ್ಕಿದ್ದು ಬ್ರಷ್ ಬಾಯಲ್ಲಿದ್ದವನು. ಆಮೇಲೆ ಹಿಡಿಯುವವರೇ ಇಲ್ಲ. ನೊರೆಯ ಮೇಲೆ ಬೂದಿ ಕೂತು ಸಾಮೆಶಿಮಾನ ಅರ್ಧ ಮುಖ ಸಿಮೆಂಟು ಮೆತ್ತಿದ ಗೋಡೆಯಾಗಿತ್ತು. ಅವನೇ ಹೊಟ್ಟೆ ಹಿಡಿದುಕೊಂಡು ನಕ್ಕ. ಮುರ್ನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೆಲ್ಲಗೆ ತೋಕಿಯೆಯನ್ನು ಕೆಳಗಿಳಿಸಿದಳು. ತೋಕಿಯೆ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ.

"ಬಟ್ಟೆ ಒಳಗೆ ತಗೊಳ್ಳಿ," ಎಂದಷ್ಟೇ ಹೇಳಿ ಸಾಮೆಶಿಮಾನ ತೋಳು ಹಿಡಿದು ಕುಂಟುತ್ತಾ ಅಂಗಡಿಗೆ ಹೋದಳು.

ಆಗಿದ್ದು ಸಾಲದೆಂದು ಮಧ್ಯಾಹ್ನ ಇನ್ನೊಂದು ಭಾನಗಡಿ. ಕೊಂಚವಾದರೂ ಸರಿಮಾಡೋಣವೆಂದು ಮುರ್ನಿ ಅಂಗಳದ ಬೂದಿಗೆ ಪೈಪಿನಿಂದ ನೀರು ಬಿಟ್ಟಳು. ಬೂದಿಯನ್ನು ಒಣಗಿದ್ದಾಗಲೇ ಗುಡಿಸಿ, ಪಾಲಿಕೆ ಕೊಡುವ ಹಳದಿ ಚೀಲಕ್ಕೆ ತುಂಬಿ ಇಡಬೇಕು. ನೀರು ಸೋಕಿದರೆ ಕಲ್ಲಾಗುತ್ತದೆ. ಚರಂಡಿ ಕಟ್ಟಿಕೊಂಡಿತು. ಪಕ್ಕದ ಮನೆಯವರ ಹೂಕುಂಡದವರೆಗೂ ಬೂದು ಕೆಸರು ಹರಿಯಿತು. ತೋಕಿಯೆ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ವಾರವೆಲ್ಲ ತೋಕಿಯೆಯ ಬಾಯಿಂದ ಒಂದು ನಮಸ್ಕಾರ ಬಿಟ್ಟರೆ ಇನ್ನೊಂದು ಮಾತಿಲ್ಲ. ಅಂಗಡಿಗೆ ಮಾತ್ರ ಜಾತ್ರೆಯ ಜನ. ಗಡ್ಡವಿಲ್ಲದವರೂ ಬಂದು ಕೂತರು. ಸಾಮೆಶಿಮಾ ಬಂದವರಿಗೆಲ್ಲ ಕಥೆ ಹೇಳಿದ, ಎದ್ದು ನಿಂತು ಓಡಿ ತೋರಿಸಿದ, ದಿನದಿನಕ್ಕೂ ಅವನ ಓಟ ಉದ್ದವಾಯಿತು. ತೋಕಿಯೆಯ ಮನೆ ಹೆಸರು ಈಗ ಎಲ್ಲರ ಬಾಯಲ್ಲಿ. ಆಗಬಾರದು ಎಂದಿದ್ದ ಒಂದೇ ಒಂದು ಸಂಗತಿ ಆಗಿತ್ತು. ಮುರ್ನಿ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚಿ ಅಂಗಿಗಳನ್ನು ಮಡಿಸತೊಡಗಿದಳು. ಜೊತೆಗೆ ಕೆಲಸ ಮಾಡುವ ಹುಡುಗಿಯೊಬ್ಬಳು ಊರಾಚೆ ತಾವು ನಾಲ್ಕೈದು ಹುಡುಗಿಯರು ಇರುವ ಮನೆಯಲ್ಲಿ ಒಂದು ಮೂಲೆ ಕೊಡಿಸುತ್ತೇನೆಂದಿದ್ದಳು. ಮತ್ತೆ ಮೇಲೊಂದು ಕೆಳಗೊಂದು ಮಂಚ. ಮಡಿಸಿದ ಅಂಗಿಯಲ್ಲಿ ಮುಖವಿಟ್ಟು ಅತ್ತಳು.

ಶನಿವಾರ ಸಾಮೆಶಿಮಾ ಬಾಗಿಲಿಗೆ ಬಂದ. "ನಾಳೆ ಸಂಘದ ಮನೆಯಲ್ಲಿ ಸಭೆ. ಬೆಟ್ಟ ನಿಜವಾಗಿ ಕೆರಳಿದರೆ ಯಾರನ್ನ ಯಾರು ಕರ್ಕೊಂಡು ಬರಬೇಕು ಅಂತ ಪ್ರತಿ ವರ್ಷ ಮಾತಾಡಿಕೊಳ್ತೀವಿ. ನೀವೂ ಬರಬೇಕು ತಾಯಿ, ನಿಮ್ಮಷ್ಟು ಅನುಭವ ಯಾರಿಗಿದೆ." ಅವನು ನಗುತ್ತಿದ್ದ. ಎಲ್ಲರ ಮುಂದೆ ಕ್ಷಮೆ ಕೇಳಿ, ಅಲ್ಲಿಂದಲೇ ಮನೆ ಖಾಲಿ ಮಾಡುತ್ತೇನೆಂದು ಹೇಳಿಬಿಡುವುದು ಮೇಲು ಎಂದುಕೊಂಡಳು ಮುರ್ನಿ.

ಸಂಘದ ಮನೆಯಲ್ಲಿ ಚಾಪೆ ತುಂಬ ಜನ. ಮುರ್ನಿ ಎಲ್ಲರ ಹಿಂದೆ, ಚಪ್ಪಲಿ ಬಿಡುವ ಜಾಗಕ್ಕೆ ಹತ್ತಿರವಾಗಿ ಕೂತಳು. ಮಂಡಿ ಮಡಚಲಾಗದ ತೋಕಿಯೆಗೆ ಮುಂದೆ ಒಂದು ಕುರ್ಚಿ. ಸಾಮೆಶಿಮಾ ಒಂದೊಂದೇ ಮನೆಯ ಹೆಸರು ಕೂಗುತ್ತಾ ಹೋದ. ಆ ಮನೆಯ ಅಜ್ಜನನ್ನು ಮೊಮ್ಮಗ ಕರೆದುಕೊಂಡು ಬರುತ್ತಾನೆ, ಈ ಮನೆಯ ಅತ್ತೆಯನ್ನು ಸೊಸೆ. "ಅತ್ತೆ ಬರಲ್ಲ ಅಂದ್ರೆ?" ಎಂದು ಯಾರೋ ಕೇಳಿದರು. "ಬಿಟ್ಟು ಬರ್ತೀನಿ," ಎಂದಳು ಸೊಸೆ. ಅತ್ತೆಯೇ ಎಲ್ಲರಿಗಿಂತ ಜೋರಾಗಿ ನಕ್ಕಳು.

"ಇಜಿಚಿ ಮನೆ," ಎಂದ ಸಾಮೆಶಿಮಾ. "ತೋಕಿಯೆ ಅಕ್ಕನದು ಗೊತ್ತಿರೋದೇ. ಪ್ರತಿ ವರ್ಷ 'ನನ್ನನ್ನ ಬಿಟ್ಟುಬಿಡಿ, ನನ್ನ ಕುರ್ಚಿ ಮೇಲೆ ಕೂತು ಬೆಟ್ಟ ನೋಡ್ತೀನಿ' ಅಂತಾರೆ. ಮುಂದಿನ ಮನೆ..."

"ತಡೀಯಯ್ಯ. ಈ ಸಲ ನಾನು ಬಾಯಿ ಬಿಟ್ಟೆನಾ?"

ಮುರ್ನಿ ಏಳಲೆಂದು ಚಾಪೆಗೆ ಕೈಯೂರಿದಳು. ಕ್ಷಮೆಯ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಕುರ್ಚಿಯಿಂದ ಮತ್ತೆ ಮಾತು ಬಂತು.

"ನಿಮ್ಮೆಲ್ಲರ ಗಡ್ಡ ಕೆರೆದಿದ್ದೀನಿ, ನಿಮ್ಮಪ್ಪಂದಿರ ಗಡ್ಡಾನೂ ಕೆರೆದಿದ್ದೀನಿ," ಎಂದಳು ತೋಕಿಯೆ. "ನಿಮಗೆ ಭಾರ ಆಗಬಾರದು ಅಂತ ವರ್ಷವರ್ಷ ಬಿಟ್ಟುಬಿಡಿ ಅಂದೆ. ಒಬ್ಬರಾದ್ರೂ 'ಬಿಡಲ್ಲ' ಅಂತೀರೇನೋ ಅಂತ ಕಾದೆ. ಮರ್ಯಾದಸ್ಥರು ನೀವು, ತಲೆಬಾಗಿ ಬಿಟ್ಟುಬಿಟ್ರಿ." ಸಾಮೆಶಿಮಾ ತಲೆ ತಗ್ಗಿಸಿದ. "ಹೋದ ಭಾನುವಾರ ಬೆಟ್ಟ ಧಡ್ ಅಂದಾಗ ನೀವೇನು ಮಾಡಿದ್ರಿ? ಬಟ್ಟೆ ಒಳಗೆ ತಗೊಂಡ್ರಿ. ಅವಳು ಬಟ್ಟೆ ಬಿಟ್ಟು ನನ್ನ ತಗೊಂಡ್ಲು. ಒಂದು ವಾರ ಆಯ್ತು, ಅದನ್ನ ನೆನೆಸಿಕೊಂಡ್ರೆ ಮಾತೇ ಹೊರಡಲ್ಲ. ಹೇಳ್ಕೊಳ್ಳಿ ಎಲ್ಲರಿಗೂ. ನನ್ನನ್ನ ಮುರ್ನಿ ಕರ್ಕೊಂಡು ಬರ್ತಾಳೆ."

ಸಾಮೆಶಿಮಾ ಇಜಿಚಿ ಮನೆಯ ಮುಂದೆ ಮುರ್ನಿಯ ಹೆಸರು ಬರೆದುಕೊಂಡ.

"ಆಗಲಿ ಅಕ್ಕ. ಆದರೆ ಅವರಿಗೆ ಕೋಣೆ ಬೇಸಿಗೆವರೆಗೆ ಮಾತ್ರ ಅಂದಿದ್ರಲ್ಲ ನೀವು?"

"ಬೆಟ್ಟ ಯಾವತ್ತು ಒಡೆಯುತ್ತೆ, ಹೇಳು ನೋಡೋಣ."

"ಅದು ಯಾರಿಗೆ ಗೊತ್ತಿರುತ್ತೆ?"

"ಗೊತ್ತಿಲ್ಲ ತಾನೆ? ಹಾಗಿದ್ರೆ ಒಡೆಯೋವರೆಗೂ ಅವಳು ನಮ್ಮನೇಲೇ ಇರಬೇಕು."

ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಚಪ್ಪಲಿಗಳ ಪಕ್ಕ ಕೂತಿದ್ದ ಮುರ್ನಿ ತಲೆವಸ್ತ್ರದ ಅಂಚನ್ನು ಬಾಯಿಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಒಪ್ಪಿಗೆ ತಾನೆ ಎಂದು ಸಾಮೆಶಿಮಾ ಕೇಳಿದ. ಅವಳು ತಲೆಯಾಡಿಸಿದಳು. ಎಷ್ಟು ಆಡಿಸಿದಳೆಂದರೆ ಪಕ್ಕದವರು ಹೆಗಲು ಹಿಡಿದು ನಿಲ್ಲಿಸಬೇಕಾಯಿತು.

"ಅಳೋದಿದ್ರೆ ಮನೆಗೆ ಹೋಗಿ ಜೋರಾಗಿ ಅಳುವೆಯಂತೆ," ಎಂದಳು ತೋಕಿಯೆ, ತಿರುಗಿ ನೋಡದೆ. "ಈಗ ಸುಮ್ಮನಿರು ಮಗಳೇ. ಪಕ್ಕದ ಮನೆಯವರ ಸರದಿ."