ಕಟ್ಟದೆ ಬಿಟ್ಟ ಬಲೆ

ಮಕ್ಬುಲಸಾಬನ ಕೊಳದಲ್ಲಿ ಹನ್ನೆರಡು ಹೆಣ್ಣು ಮೀನುಗಳು ಮೊಟ್ಟೆಯಿಂದ ಹೊಟ್ಟೆ ತುಂಬಿ ನಿಂತಿದ್ದವು. ಪರವಾನಗಿ ಮಾತ್ರ ಬಂದಿರಲಿಲ್ಲ. ಶ್ರೀರಾಮನಗರದ ಕಾಲುವೆ ಪಕ್ಕದ ಅವನ ಒಂದೆಕರೆ ಗದ್ದೆ ನೀರು ನಿಂತು ಜವುಳು ಹಿಡಿದು ಭತ್ತ ಬೆಳೆಯುವುದನ್ನೇ ಬಿಟ್ಟಿತ್ತು. ಅಲ್ಲಿ ಕೊಳ ತೋಡಿಸಿ, ಮೀನುಮರಿ ಮಾಡಿ ಮಾರುವ ಆಸೆಯಿಂದ ಗೆಂಡೆ ಮೀನು ತಂದು ಬಿಟ್ಟಿದ್ದ. ಮೀನುಗಾರಿಕೆ ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡ ಗುಮಾಸ್ತರು ಒಂದೇ ಮಾತು ಹೇಳಿದ್ದರು: "ಸಾಹೇಬ್ರು ಬಂದು ಕೊಳ ನೋಡೋತನಕ ಮರಿ ಮಾಡಂಗಿಲ್ಲ. ಮಾಡಿದ್ರ ಅರ್ಜಿ ರದ್ದು."

ಅದಕ್ಕೇ ಕೊಳದ ನಡುವೆ ಬಲೆ ಕಟ್ಟಿ, ಹೆಣ್ಣುಗಳನ್ನು ಆಚೆ, ಗಂಡುಗಳನ್ನು ಈಚೆ ಇಟ್ಟಿದ್ದ. ಇನ್ನೂ ತಡವಾದರೆ ಮೊಟ್ಟೆಗಳು ಹೊಟ್ಟೆಯಲ್ಲೇ ಕರಗಿ ಈ ಹಂಗಾಮು ಕೈಬಿಟ್ಟು ಹೋಗುತ್ತಿತ್ತು. ಇಪ್ಪತ್ತು ದಿನಗಳಿಂದ ಅವನು ಕುಂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ದಿನಕ್ಕೆರಡು ಸಲ ಬಲೆಯ ಒಂದು ಮೂಲೆ ಬಿಚ್ಚಿ ಆಚೆ ಹೋಗುವುದು, ಒಂದೊಂದರ ಹೊಟ್ಟೆ ಮುಟ್ಟಿ ನೋಡುವುದು, ಬಂದು ಮೂಲೆ ಕಟ್ಟುವುದು, ಫೋನು ನೋಡುವುದು.

ಹೆಂಡತಿ ಹಸೀನಾಬೇಗಂ ದಂಡೆಯ ಮೇಲೆ ನಿಂತು ನಗುತ್ತಿದ್ದಳು. "ಮಾಜೀದ ನನ್ನ ಹೊಟ್ಟ್ಯಾಗ ಇದ್ದಾಗ ಇಷ್ಟ ಕಾಳಜಿ ಮಾಡಿದ್ರೇನ್ರಿ?"

"ನಿನಗ ಪರವಾನಗಿ ಬೇಕಾಗಿದ್ದಿಲ್ಲ," ಎಂದು ಅವನು ಸಿಡುಕುತ್ತಿದ್ದ.

ಒಂದು ಸಂಜೆ ಅವನು ನೀರಿನಲ್ಲಿದ್ದಾಗಲೇ ಫೋನು ಬಂತು: ನಾಳೆ ಹತ್ತಕ್ಕೆ ಪ್ರಭುರಾಜ ಸಾಹೇಬರು ಕೊಳ ನೋಡಲು ಬರುತ್ತಾರೆ. ಮಕ್ಬುಲಸಾಬ ಒದ್ದೆ ಲುಂಗಿಯಲ್ಲೇ ಮನೆಗೆ ಓಡಿ ಕಾಗದಗಳನ್ನು ಜೋಡಿಸಲು ಕೂತ.

ಬೆಳಗಿನ ಜಾವ ಕೊಳಕ್ಕೆ ಬಂದವನು ದಂಡೆಯಲ್ಲೇ ನಿಂತ. ಬಲೆಯ ಮೂಲೆ ನಿನ್ನೆ ಸಂಜೆ ಅವನು ಬಿಚ್ಚಿ ಬಿಟ್ಟಂತೆಯೇ ತೇಲುತ್ತಿತ್ತು. ಗಂಡು ಹೆಣ್ಣು ಎಲ್ಲ ಒಂದಾಗಿ ನೀರನ್ನು ಕಲಕುತ್ತಿದ್ದವು. ದಂಡೆಗುಂಟ ತೇಲುತ್ತಿದ್ದ ಅಂತರಗಂಗೆ ಗಿಡಗಳ ಬೇರುಗಳಿಗೆಲ್ಲ ನವಣೆ ಕಾಳಿನಷ್ಟಷ್ಟೇ ಮೊಟ್ಟೆಗಳು ಅಂಟಿದ್ದವು. ಇಪ್ಪತ್ತು ದಿನ ಕನಸಿನಲ್ಲಿ ಕಂಡದ್ದು ಈಗ ಕಣ್ಣೆದುರಿಗಿತ್ತು; ನೋಡಿ ಅವನಿಗೆ ಅಳುವೇ ಬಂತು.

"ಎಲ್ಲಾ ತಗದ ಒಗಿಬೇಕು. ಸಾಹೇಬ್ರು ಕಂಡ್ರ ಮುಗೀತು."

"ಹಡದ ಮ್ಯಾಲ ಯಾರರ ಒಗಿತಾರೇನ್ರಿ?" ಹಿಂದೆಯೇ ಬಂದಿದ್ದ ಹಸೀನಾಬೇಗಂ ಅವನ ರಟ್ಟೆ ಹಿಡಿದಳು.

ಅವನು ಕೊಡವಿಕೊಂಡ. ಮೀನುಗಳನ್ನು ಅಟ್ಟಾಡಿಸಿ ಬೇರೆ ಮಾಡಿ ಬಲೆ ಕಟ್ಟಿದ. ಬುಟ್ಟಿಗೆ ಬುಟ್ಟಿ ಅಂತರಗಂಗೆ ಎಳೆದು ಕಾಲುವೆಗೆ ಸುರುವಿದ. ಎಂಟು ಬುಟ್ಟಿ. ಎರಡನೇ ಬೆಳೆಗೆ ಬಿಟ್ಟ ನೀರು ಜೋರಾಗಿತ್ತು, ಎಲ್ಲವನ್ನೂ ಹೊತ್ತುಕೊಂಡು ಹೋಯಿತು.

ಸಾಹೇಬರು ಹೇಳಿದ ಹೊತ್ತಿಗೇ ಬಂದರು. ಕೊಳ ಅಳೆದರು, ನೀರು ಪರೀಕ್ಷೆ ಮಾಡಿದರು. "ಇನ್ನೂ ಮರಿ ಮಾಡಿಲ್ಲಲ್ಲ?"

"ಇಲ್ರಿ ಸಾಹೇಬ್ರ." ಮಕ್ಬುಲಸಾಬ ಕಾಗದಗಳನ್ನು ಮುಂದಿಟ್ಟ.

ಅವರು ಒಪ್ಪಿಗೆ ಬರೆದು ಸಹಿ ಹಾಕಿದರು. ಕೆಸರುಗಾಲು ತೊಳೆಯಲು ಮನೆ ಮುಂದೆ ಎಮ್ಮೆ ನೀರು ಕುಡಿಯುವ ಕಲ್ಲಿನ ದೋಣಿಗೆ ಚೊಂಬು ಅದ್ದಿದವರು ಹಾಗೇ ನಿಂತುಬಿಟ್ಟರು. ದೋಣಿಯಲ್ಲಿ ಒಂದು ಹಿಡಿ ಅಂತರಗಂಗೆ ತೇಲುತ್ತಿತ್ತು. ಬೇರು ಎತ್ತಿ ಬೆಳಕಿಗೆ ಹಿಡಿದರು. ಮಕ್ಬುಲಸಾಬ ಹೆಂಡತಿಯ ಮುಖ ನೋಡಿದ. ಅವಳು ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು.

ಸಾಹೇಬರು ಬೇರನ್ನು ಮೆಲ್ಲಗೆ ನೀರಿಗೆ ಬಿಟ್ಟರು. "ಅಕ್ಕಾರ, ಮರಿ ಒಡೆಯೋತನಕ ಮೂರು ದಿನ ಎಮ್ಮಿಗೆ ಬ್ಯಾರೆ ಕಡೆ ನೀರು ಕುಡಸ್ರಿ." ಆಮೇಲೆ ಮಕ್ಬುಲಸಾಬನ ಕಡೆ ತಿರುಗಿದರು. "ಉಳಿದಿದ್ದು ಎಲ್ಲಿ ಐತ್ರಿ?"

ಅವನು ಕಾಲುವೆಯತ್ತ ಕೈ ಮಾಡಿದ.

"ಅಯ್ಯ, ನನಗ ಒಂದು ಮಾತು ಹೇಳಬಾರದಾ? ಮೀನಿಗೇನು ನಾ ನೋಟಿಸ್ ಕೊಡತಿದ್ನೇನ್ರಿ?"

ಸಹಿಯಾದ ಕಾಗದ ಮಕ್ಬುಲಸಾಬನ ಕೈಯಲ್ಲಿ ಒದ್ದೆಯಾಗುತ್ತಿತ್ತು.

ಮೂರು ದಿನವೂ ಅವನೇ ಎಮ್ಮೆಯನ್ನು ಕಾಲುವೆಗೆ ಹೊಡೆದುಕೊಂಡು ಹೋದ. ಅದು ನೀರು ಕುಡಿದು ಮುಗಿಸಿದರೂ ಅವನು ಮನೆಗೆ ತಿರುಗಲಿಲ್ಲ. ಕಾಲುವೆಗುಂಟ ನಡೆದು, ಒಂದೊಂದು ತೂಬಿನ ಬಾಯಲ್ಲೂ ಬಗ್ಗಿ, ತಾನು ಒಗೆದ ಅಂತರಗಂಗೆ ಎಲ್ಲಾದರೂ ತಡೆದು ನಿಂತಿದೆಯೇ ಎಂದು ಹುಡುಕಿದ.