ಗೇರಿಗೆ ಹೊಸ ಬುಷ್

ಭಾವನ ಹಳೇ ಡೀಸೆಲ್ ಕಾರಿನ ಗೇರ್ ರಾಡು ಹಿಡಿದರೆ ಅಂಟಿನ ಡಬ್ಬಿಯಲ್ಲಿ ಕಡ್ಡಿ ತಿರುವಿದಂತಾಗುತ್ತಿತ್ತು. ಎರಡನೇ ಗೇರು ನನ್ನ ಮಂಡಿಯ ಹತ್ತಿರ, ನಾಲ್ಕನೆಯದು ಪಕ್ಕದಲ್ಲಿ ಕೂತವರ ತೊಡೆಯ ಮೇಲೆ. ರಿವರ್ಸ್ ಬೇಕೆಂದರೆ ರಾಡನ್ನು ಹಿಂದಿನ ಸೀಟಿನವರ ಕೈಗೆ ಕೊಟ್ಟು ಬರಬೇಕು. ಒಮ್ಮೆ ಮೂರನೆಯದನ್ನು ಹುಡುಕುತ್ತ ಹುಡುಕುತ್ತ ನನಗೆ ಎಷ್ಟು ಗಡ್ಡ ಬೆಳೆಯಿತೆಂದರೆ, ಇಳಿದಾಗ ಸ್ವಂತ ಅಕ್ಕನೇ ಗುರುತು ಹಿಡಿಯಲಿಲ್ಲ.

ಆದರೆ ಆ ಗೇರು ಬೀಳುತ್ತಿದ್ದುದು ನನ್ನ ಕೈಗೆ ಮಾತ್ರ. ಅದಕ್ಕೇ ನಾನು ಆ ಮನೆಯ ಡ್ರೈವರು. ಅದಕ್ಕೇ ಶೆಡ್ಡಿನ ಪಕ್ಕದ ಕೋಣೆ, ಹೊತ್ತಿಗೆ ಊಟ, ಮುಂದಿನ ಸೀಟು.

ಒಂದು ದಿನ ದೊಡ್ಡ ಸಿಗ್ನಲ್ಲಿನಲ್ಲಿ ನನ್ನ ಕೈಗೂ ಬೀಳಲಿಲ್ಲ. ಹಿಂದಿನವರೆಲ್ಲ ಹಾರ್ನ್ ಬಡಿದರು. ಭಾವ ಕೆಂಡವಾದರು.

"ಸಾಕಪ್ಪಾ ಸಾಕು. ಇದನ್ನ ಗುಜರಿಗೆ ಹಾಕ್ತೀನಿ."

"ಭಾವ, ನಾಳೆ ಒಂದಿನ ಕೊಡಿ. ಬೆಣ್ಣೆ ಥರ ಮಾಡ್ಕೊಡ್ತೀನಿ."

"ನೀನಾ? ನಿನ್ನ ಬೆಣ್ಣೆ ಎಲ್ಲಾ ಬಾಯಲ್ಲೇ!"

ಕಾರೇ ಇಲ್ಲದಿದ್ದರೆ ಡ್ರೈವರಿಗೆ ಎಲ್ಲಿಯ ಕೋಣೆ? ಬೆಳಿಗ್ಗೆಯೇ ಕೂತು ಗೇರಿನ ಬುಡದ ರಬ್ಬರ್ ಚೀಲ ಬಿಚ್ಚಿದೆ. ರಾಡಿನ ಗುಂಡು ಕೂರುವ ಪ್ಲಾಸ್ಟಿಕ್ ಬುಷ್, ಪುಟ್ಟ ಬಟ್ಟಲಿನಂಥದ್ದು, ಸವೆದು ಈರುಳ್ಳಿ ಸಿಪ್ಪೆಯಾಗಿತ್ತು. ಇಷ್ಟು ಕಾಲ ನಾನು ಗೇರು ಹಾಕಿದ್ದು ಗಾಳಿಗೆ! ಹೊಸ ಬುಷ್ ತಂದೆ. ಹಳೇ ಗ್ರೀಸು ಕೆರೆದು, ಹೊಸದು ಬಳಿದು, ಗುಂಡನ್ನು ಒತ್ತಿದೆ. 'ಟಕ್' ಎಂದಿತು. ಒಂದೇ ಬೆರಳಿಗೆ ಗೇರುಗಳೆಲ್ಲ ಒಳ್ಳೆಯ ಮಕ್ಕಳಂತೆ ತಮ್ಮ ತಮ್ಮ ಜಾಗದಲ್ಲಿ ಸಿಕ್ಕವು. ಖುಷಿಗೆ ಕಣ್ಣಲ್ಲಿ ನೀರು ಬಂತು. ಗ್ರೀಸಿನ ಕೈಯಲ್ಲಿ ಒರೆಸಿಕೊಂಡೆ, ಇನ್ನಷ್ಟು ಬಂತು.

ಅಕ್ಕನ ಮಗಳು ಬಂದಳು. ಲೈಸೆನ್ಸ್ ಇದ್ದರೂ ಆ ಗೇರಿಗೆ ಹೆದರಿ ದೂರ ಉಳಿದವಳು.

"ಮಾಮ, ಒಂದು ರೌಂಡ್ ಹೋಗ್ಲಾ?"

"ಹೋಗಮ್ಮ. ಆದ್ರೆ ಇದಕ್ಕೆ ನನ್ನ ಕೈಯೇ..."

ಅಷ್ಟರಲ್ಲಿ ಗೇಟು ದಾಟಿದ್ದಳು. ವಾಪಸ್ ಬಂದು, ರಿವರ್ಸಿನಲ್ಲೇ ಶೆಡ್ಡಿಗೆ ನುಗ್ಗಿಸಿ ನಕ್ಕಳು. "ಅಪ್ಪಾ, ಇಷ್ಟೇನಾ? ಮಾಮ ಇಷ್ಟು ವರ್ಷ ಇದರ ಜೊತೆ ಕುಸ್ತಿ ಯಾಕೆ ಆಡ್ತಿದ್ರು?"

ಭಾವ ನನ್ನ ಬೆನ್ನು ತಟ್ಟಿದರು. "ಭೇಷ್ ಕಣೋ! ಇನ್ಮೇಲೆ ಇವಳೇ ಓಡಿಸ್ತಾಳೆ. ನೀನು ಆರಾಮಾಗಿರು."

ಆರಾಮವೆಂದರೆ ಹಿಂದಿನ ಸೀಟು, ತರಕಾರಿ ಚೀಲದ ಪಕ್ಕ. ಆಮೇಲೆ ನನ್ನ ಕೋಣೆಗೆ ಹಳೇ ಸೋಫಾ ಬಂತು, ಅದರ ಹಿಂದೆ ಮುರುಕು ಬೀರು. ನಾನು ಮಲಗುವ ಜಾಗ ದಿನದಿನಕ್ಕೆ ಗೋಡೆಗೆ ಸರಿಯಿತು. "ತಮ್ಮಾ, ಬೇರೆ ಕಡೆ ಎಲ್ಲಾದ್ರೂ ನೋಡ್ಕೊಂಡಿದೀಯಾ?" ಎಂದು ಅಕ್ಕ ಬಟ್ಟೆ ಮಡಚುತ್ತ, ತಲೆ ಎತ್ತದೆ ಕೇಳಿದಳು.

ಒಂದು ಮಧ್ಯಾಹ್ನ ಶೆಡ್ಡಿಗೆ ಹೋಗಿ ರಬ್ಬರ್ ಚೀಲ ಮತ್ತೆ ಬಿಚ್ಚಿದೆ. ಹಳೇ ಬುಷ್ಷನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಹೊಸದರ ಜಾಗಕ್ಕೆ ಅದನ್ನೇ ಕೂರಿಸೋಣವೆಂದು ತೆಗೆದು ಹಿಡಿದರೆ, ಬೆರಳ ನಡುವೆಯೇ ಪುಡಿಯಾಯಿತು.

ಕಿಟಕಿಯಿಂದ ಅಕ್ಕ ಕೂಗಿದಳು. "ಅಲ್ಲೇನೋ ಮಾಡ್ತಿದೀಯಾ?"

"ಗೇರು ನೋಡ್ತಿದ್ದೆ ಅಕ್ಕಾ. ಗಟ್ಟಿಯಾಗಿ ಕೂತಿದೆ. ನಾನು ಹೋದ್ಮೇಲೂ ಅಲ್ಲಾಡಲ್ಲ."